ಟರ್ಕಿ ಹಾರೀತೆ?

ಅಮೆರಿಕದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ಹಾಸ್ಯ ಧಾರಾವಾಹಿಯ 1978ರ ಕಂತೊಂದು ಇಂದಿಗೂ ಹೆಸರುವಾಸಿ. ರೇಡಿಯೊ ಕೇಂದ್ರದ ಮ್ಯಾನೇಜರ್ ಕಾರ್ಲ್ಸನ್, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪ್ರಚಾರಕ್ಕೆಂದು ಹೆಲಿಕಾಪ್ಟರಿನಿಂದ ಜೀವಂತ ಟರ್ಕಿ ಕೋಳಿಗಳನ್ನು ಬಿಡುತ್ತಾನೆ. ಅವು ನೆಲಕ್ಕೆ ಅಪ್ಪಳಿಸುತ್ತವೆ. ನಮಗೆ ಅದು ಕಾಣುವುದಿಲ್ಲ. ವರದಿಗಾರನ ಗಾಬರಿಯ ಮಾತಷ್ಟೇ ಕೇಳುತ್ತದೆ. ಟರ್ಕಿ ಹಾರುತ್ತದೆಂದೇ ಕಾರ್ಲ್ಸನ್ ನಂಬಿದ್ದ!

ಕಾಡು ಟರ್ಕಿ ತುಸು ದೂರ ಹಾರಬಲ್ಲದು. ಮಾಂಸಕ್ಕಾಗಿ ಬೆಳೆಸುವ ಸಾಕು ತಳಿಗೆ ಮೈಭಾರ ಹೆಚ್ಚು, ರೆಕ್ಕೆಯಿದ್ದೂ ಹಾರಲಾರದು. ಒಂದನ್ನಾದರೂ ಮೊದಲು ಪರೀಕ್ಷಿಸಬಾರದಿತ್ತೆ?

ನಗುವ ಮುನ್ನ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಿಎಸ್ಸಿಯಲ್ಲಿ ಲೋಲಕವನ್ನು ತೂಗಿಸದೆಯೇ ಗುರುತ್ವ ವೇಗೋತ್ಕರ್ಷ 9.8 ಎಂದು ರೆಕಾರ್ಡಿನಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ನಾನೂ ಕಾರ್ಲ್ಸನ್ನನೇ.

ಮಕ್ಕಳೇ, ಅಳೆದಾಗ 9.5 ಬಂದರೆ ಅದನ್ನೇ ಬರೆಯಿರಿ. ಪಾಲಕರೇ, ಅದಕ್ಕಾಗಿ ಅಂಕ ಒಂದೆರಡು ಕಡಿಮೆಯಾದರೆ ಗದರಬೇಡಿ.