249 ಗ್ರಾಂ ಎಂಬ ನೆಪ

"ಅದು ಬರೀ 249 ಗ್ರಾಂ ಮಾರಾಯ, ಅದಕ್ಕೆ ಎಂಥ ಲೈಸೆನ್ಸು, ಎಂಥ ಕಾನೂನು?" ಊರಿಗೆ ಹೋದರೆ ಸಂಬಂಧಿಕರ ಮಕ್ಕಳು ಹೀಗೆ ಹೇಳುತ್ತಾರೆ. ಇಲ್ಲಿ ನ್ಯಾಲ್ಕಲ್‌ನಲ್ಲಿ ಭಾನುವಾರ ಡ್ರೋನ್ ಹಾರಿಸಲು ಬರುವ ಗೆಳೆಯರೂ ಇದನ್ನೇ ಹೇಳುತ್ತಾರೆ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಅಪಾಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನ್ಯಾಲ್ಕಲ್ ಎಲ್ಲಿದೆ ಎಂದು ನಮ್ಮ ಕರಾವಳಿಯವರಿಗೆ ಗೊತ್ತಿರಲಿಕ್ಕಿಲ್ಲ. ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ಜಹೀರಾಬಾದ್‌ನಿಂದ ಬೀದರ್ ಕಡೆಗೆ ಇರುವ ಊರು. ಕೆಲಸದ ನಿಮಿತ್ತ ಈ ಕಡೆ ಬಂದವನು ನಾನು. ಬಯಲು ಭೂಮಿ, ಕಬ್ಬಿನ ಗದ್ದೆ, ಮರ ಕಡಿಮೆ. ಡ್ರೋನಿನವನಿಗೆ ಸ್ವರ್ಗದಂತೆ ಕಾಣುತ್ತದೆ. ಆದರೆ ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ಯುದ್ಧವಿಮಾನದ ಪೈಲಟ್‌ಗಳು ಹಾಕ್ ವಿಮಾನದಲ್ಲಿ ತರಬೇತಿ ಪಡೆಯುವುದು ಅಲ್ಲಿ. ಸೂರ್ಯಕಿರಣ್ ತಂಡದ ಮನೆಯೂ ಅದೇ. ನಮ್ಮ ಹುಡುಗರು "ಖಾಲಿ ಆಕಾಶ" ಎನ್ನುವುದು ಇದನ್ನು.

ಆ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಏರೋ ಇಂಡಿಯಾದ ತಾಲೀಮಿನಲ್ಲಿ ಪರಸ್ಪರ ತಾಗಿ ಬಿದ್ದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ದಿನವಿಡೀ ರೆಕ್ಕೆಗೆ ರೆಕ್ಕೆ ಹತ್ತಿರವಿಟ್ಟು ಹಾರುವ ಅಭ್ಯಾಸವಿದ್ದವರು, ಪರಸ್ಪರ ರೇಡಿಯೋದಲ್ಲಿ ಮಾತಾಡುವವರು, ಕಣ್ಣೆದುರೇ ಇನ್ನೊಂದು ವಿಮಾನ ಕಾಣುವವರು. ಅವರಿಗೇ ಹೀಗಾಗುತ್ತದೆ. ಕೈಯಲ್ಲಿ ಆರಿಂಚಿನ ಸ್ಕ್ರೀನ್ ಹಿಡಿದು, ಡ್ರೋನ್ ಎಲ್ಲಿದೆ ಎಂದು ತಲೆಯೆತ್ತಿಯೂ ನೋಡದ ನಮ್ಮವನು ಮಾತ್ರ "ನನಗೆ ಗೊತ್ತುಂಟು" ಎನ್ನುತ್ತಾನೆ.

ಈಗ ಆ 249 ಗ್ರಾಂ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಅಷ್ಟು ನಿಜ. ಆದರೆ ಕೆಂಪು, ಹಳದಿ ವಲಯಗಳು ಅದಕ್ಕೂ ಇವೆ. ಮನುಷ್ಯರಿರುವ ವಿಮಾನಕ್ಕೆ ದಾರಿ ಬಿಟ್ಟುಕೊಡಬೇಕು, ಅದರಿಂದ ದೂರ ಇರಬೇಕು ಎಂಬ ನಿಯಮವೂ ಇದೆ. ತೂಕ ಕಡಿಮೆ ಎಂದು ಯಾರೂ ಅದನ್ನು ತೆಗೆದಿಲ್ಲ. ಘಾಟಿಯಲ್ಲಿ ಹತ್ತಿ ಬರುವ ಗಾಡಿಗೆ ಇಳಿಯುವವನು ದಾರಿ ಬಿಡುವುದು ಸ್ಕೂಟರಿಗೂ ಅನ್ವಯ ತಾನೇ?

ಡಿಪ್ಲೊಮಾದಲ್ಲಿ ಕಲಿತ ಲೆಕ್ಕ ಹಾಕೋಣ. ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಬರುವ ವಿಮಾನಕ್ಕೆ 250 ಗ್ರಾಂ ವಸ್ತು ಬಡಿದರೆ ಸುಮಾರು 3,500 ಜೂಲ್. ಇದು ನಮ್ಮ ಉಪ್ಪನ ಅಂಗಡಿಯ ಭಾಷೆಯಲ್ಲಿ 50 ಕಿಲೋದ ಅಕ್ಕಿ ಮೂಟೆಯನ್ನು ಏಳು ಮೀಟರ್ ಎತ್ತರದಿಂದ ಬಿಟ್ಟ ಹಾಗೆ. ಅದೂ ಮೂಟೆಯಗಲಕ್ಕೆ ಅಲ್ಲ, ಅಂಗೈಯಗಲಕ್ಕೆ.

"ಶಬ್ದ ಕೇಳಿದ ಕೂಡಲೇ ಇಳಿಸುತ್ತೇನೆ" ಎನ್ನುತ್ತಾರೆ. 120 ಮೀಟರ್ ಎತ್ತರದಿಂದ ಸೆಕೆಂಡಿಗೆ ಮೂರು ಮೀಟರಿನಂತೆ ಇಳಿಸಲು 40 ಸೆಕೆಂಡ್ ಬೇಕು. ಅಷ್ಟರಲ್ಲಿ ಆ ವಿಮಾನ ಆರೂವರೆ ಕಿಲೋಮೀಟರಿಗಿಂತ ಹೆಚ್ಚು ಬಂದಿರುತ್ತದೆ. ಶಬ್ದಕ್ಕೇ ಒಂದು ಕಿಲೋಮೀಟರ್ ದಾಟಲು ಮೂರು ಸೆಕೆಂಡ್ ಬೇಕು. ಲೆಕ್ಕ ಮುಗಿಯಿತು.

ಪುಸ್ತಕದ ಮಾತು ಅನ್ನಿಸಿದರೆ, 2025ರ ಜನವರಿ 9ರಂದು ಲಾಸ್ ಏಂಜಲೀಸ್‌ನಲ್ಲಿ ಕಾಡ್ಗಿಚ್ಚು ಹೊತ್ತಿದ್ದಾಗ ಏನಾಯಿತು ನೋಡಿ. ಒಬ್ಬ ಪಾರ್ಕಿಂಗ್ ಕಟ್ಟಡದ ಮೇಲಿಂದ ಡ್ರೋನ್ ಬಿಟ್ಟು, ಬೆಂಕಿ ನೋಡಲು ಸುಮಾರು ಎರಡೂವರೆ ಕಿಲೋಮೀಟರ್ ಕಳುಹಿಸಿದ. ಅದು ಕಣ್ಣಿಗೆ ಕಾಣದಾಯಿತು. ನೀರು ಸುರಿಯುತ್ತಿದ್ದ ಕ್ವಿಬೆಕ್‌ನ ವಿಮಾನದ ರೆಕ್ಕೆಗೆ ಬಡಿದು ತೂತು ಮಾಡಿತು. ಊರು ಉರಿಯುತ್ತಿರುವಾಗ ಒಂದು ವಿಮಾನ ರಿಪೇರಿಗೆ ಕೂತಿತು. ಹಾರಿಸಿದವನಿಗೆ ಜೈಲಾಯಿತು. ಡ್ರೋನ್ ಯಾವುದು? ಡಿಜೆಐ ಮಿನಿ 3 ಪ್ರೋ. ಅದೇ 249 ಗ್ರಾಂ.

ಇನ್ನು ಡ್ರೋನಿಗೆ ಡ್ರೋನೇ ಬಡಿಯುವ ಕತೆ. ನಾಲ್ಕು ಜನ ಒಂದೇ ಬಯಲಲ್ಲಿ ಹಾರಿಸುತ್ತಾರೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಎಲ್ಲರ ಡ್ರೋನಿನಲ್ಲೂ ರಿಟರ್ನ್ ಟು ಹೋಮ್ ಎತ್ತರ ಕಂಪನಿ ಇಟ್ಟಿದ್ದೇ ಇರುತ್ತದೆ. ಸಿಗ್ನಲ್ ಹೋಯಿತೆಂದರೆ ಎರಡೂ ಒಂದೇ ಎತ್ತರಕ್ಕೆ ಏರಿ, ಒಂದೇ ಕಡೆಗೆ ನೇರ ಗೆರೆ ಎಳೆದ ಹಾಗೆ ಬರುತ್ತವೆ. ಇನ್ನೊಂದು ಡ್ರೋನ್ ಬರುತ್ತಿದೆ ಎಂದು ಅವುಗಳಿಗೆ ಯಾರೂ ಹೇಳುವುದಿಲ್ಲ. ಸ್ಕ್ರೀನಿನ ಎತ್ತರವೂ ಹಾರಿಸಿದ ಜಾಗದಿಂದ ಲೆಕ್ಕ, ಕೆಳಗಿನ ನೆಲದಿಂದ ಅಲ್ಲ. ದಿಬ್ಬದ ಮೇಲಿಂದ ಬಿಟ್ಟವನ 40 ಮೀಟರ್ ಬೇರೆ, ಗದ್ದೆಯಿಂದ ಬಿಟ್ಟವನ 40 ಮೀಟರ್ ಬೇರೆ. "ನಾನು 30ರಲ್ಲಿ, ನೀನು 50ರಲ್ಲಿ" ಎಂದು ಒಪ್ಪಿಕೊಂಡರೂ ಒಂದೇ ಜಾಗದಿಂದ ಹಾರಿಸದಿದ್ದರೆ ಆ ಒಪ್ಪಂದಕ್ಕೆ ಬೆಲೆ ಇಲ್ಲ.

ಮೊದಲು ಬಂದವನನ್ನು ಕೇಳಿ ಹಾರಿಸುವುದು, "ಏರಿಸುತ್ತಿದ್ದೇನೆ", "ಇಳಿಸುತ್ತಿದ್ದೇನೆ" ಎಂದು ಜೋರಾಗಿ ಹೇಳುವುದು, ಒಬ್ಬನನ್ನು ಸ್ಕ್ರೀನ್ ಬಿಟ್ಟು ಆಕಾಶ ನೋಡಲು ನಿಲ್ಲಿಸುವುದು. ಇಷ್ಟಕ್ಕೆ ಖರ್ಚಿಲ್ಲ. ಆದರೂ ನಮ್ಮವರಿಗೆ ನಾಚಿಕೆ. ಮೀನು ಮಾರ್ಕೆಟಿನಲ್ಲಿ ಕೂಗಲು ಇಲ್ಲದ ನಾಚಿಕೆ ಇಲ್ಲಿ ಎಲ್ಲಿಂದ ಬರುತ್ತದೋ!

ಹುಡುಗರನ್ನು ಮಾತ್ರ ಬಯ್ದರೆ ಅನ್ಯಾಯ. ಮದುವೆಮನೆಯಲ್ಲಿ "ಇನ್ನೂ ಸ್ವಲ್ಪ ಮೇಲಕ್ಕೆ ಹೋಗಲಿ, ಇಡೀ ಊರು ಕಾಣಲಿ" ಎನ್ನುವವರು ದೊಡ್ಡವರೇ. ಒಂದೇ ಹಾಲ್‌ನಲ್ಲಿ ಗಂಡಿನ ಕಡೆಯದ್ದೊಂದು, ಹೆಣ್ಣಿನ ಕಡೆಯದ್ದೊಂದು ಡ್ರೋನ್, ಕೆಳಗೆ ಮಕ್ಕಳು. ಇಬ್ಬರು ಆಪರೇಟರ್‌ಗಳಿಗೂ ಪರಸ್ಪರ ಪರಿಚಯವಿರುವುದಿಲ್ಲ. ಗಲ್ಫಿನಿಂದ ಬರುವಾಗ ತಮ್ಮನ ಮಗನಿಗೆ ಡ್ರೋನ್ ತರುವವರೂ ನಾವೇ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ, ಸಂಶೋಧನೆ, ರಕ್ಷಣೆಯಂಥ ಕೆಲಸಕ್ಕೆ ಬಿಟ್ಟು. ಕಸ್ಟಮ್ಸ್‌ನವರು ಹಿಡಿದರೆ ಅಳುತ್ತೇವೆ, ಹಿಡಿಯದಿದ್ದರೆ ಸ್ಟೇಟಸ್ ಹಾಕುತ್ತೇವೆ.

ಮಂಗಳೂರಿನಲ್ಲಂತೂ ಯಾರೂ ನಮಗೆ ವಿಮಾನದ ಬಗ್ಗೆ ಪಾಠ ಹೇಳಬೇಕಾಗಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಆ ಗುಡ್ಡದಿಂದ ಕೆಳಗೆ ಬಿದ್ದು 158 ಮಂದಿ ಹೋದರು. ಅದಕ್ಕೂ ಡ್ರೋನಿಗೂ ಸಂಬಂಧ ಇಲ್ಲ, ಗೊತ್ತು. ನಾನು ಹೇಳುವುದು ಇಷ್ಟೇ: ಗುಡ್ಡದ ತುದಿಯ ಆ ರನ್‌ವೇಯಲ್ಲಿ ಇಳಿಯುವ ಪೈಲಟ್‌ಗೆ ಕೊನೆಯ ನಿಮಿಷದಲ್ಲಿ ಇನ್ನೊಂದು ತಲೆಬಿಸಿ ಕೊಡುವ ಹಕ್ಕು ಯಾವ ಮದುವೆ ಆಲ್ಬಮ್‌ಗೂ ಇಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಒಂದಡಿಯೂ ಏರಿಸುವಂತಿಲ್ಲ. 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿಯವರೆಗೆ ಮಾತ್ರ. ಕೆಂಜಾರಿನಲ್ಲಿ, ಬಜ್ಪೆಯಲ್ಲಿ ಮದುವೆ ಇಟ್ಟುಕೊಂಡವರು ಇದನ್ನು ಛತ್ರ ಬುಕ್ ಮಾಡುವ ಮೊದಲೇ ತಿಳಿದಿರಬೇಕು.

ಹಾಗಾದರೆ ಡ್ರೋನ್ ಮಾರಿಬಿಡಬೇಕಾ ಎಂದು ಕೇಳಬೇಡಿ, ನಾನೂ ಮಾರುವುದಿಲ್ಲ. ಫೋಟೋಗ್ರಾಫರ್ ಬಂದಾಗ ಕೇಳಿ: ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಈ ಜಾಗ ಯಾವ ಬಣ್ಣ? ಡ್ರೋನಿನ ನೋಂದಣಿ ಸಂಖ್ಯೆ ಯಾವುದು? 250 ಗ್ರಾಂಗಿಂತ ಭಾರವಾದರೆ, ಹಣಕ್ಕೆ ಹಾರಿಸುವ ನಿನ್ನ ಪೈಲಟ್ ಸರ್ಟಿಫಿಕೇಟ್ ಎಲ್ಲಿ? ಇನ್ನೊಂದು ಕಡೆಯ ಡ್ರೋನಿನವನ ಹತ್ತಿರ ಮಾತಾಡಿದ್ದೀಯಾ? ನಾಲ್ಕಕ್ಕೂ ಉತ್ತರ ಬಾರದೆ ಅಡ್ವಾನ್ಸ್ ಕೊಡಬೇಡಿ.