ಅಜ್ಜ ಅಜ್ಜಿಯರ ಪರದೇಶ ಸೇವೆ

ಮಿಷನರಿ ಎಂದೊಡನೆ ಮನೆಮನೆಯ ಬಾಗಿಲು ತಟ್ಟುವ, ಬಿಳಿ ಅಂಗಿ ತೊಟ್ಟ ಹುಡುಗರೇ ಹೆಚ್ಚಿನವರ ಕಣ್ಣ ಮುಂದೆ ಬರುತ್ತಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಮಾರ್ಮನ್ ಚರ್ಚು ಆ ಹುಡುಗರ ಜೊತೆಗೆ ನಿವೃತ್ತ ದಂಪತಿಗಳನ್ನೂ ಹೊರದೇಶಗಳಿಗೆ ಕಳಿಸುತ್ತದೆ. ಮಕ್ಕಳನ್ನು ದಡ ಸೇರಿಸಿದ ಈ ಹಿರಿಯರು 6ರಿಂದ 23 ತಿಂಗಳ ಅವಧಿಗೆ, ಸಂಬಳವಿಲ್ಲದೆ, ಬಹುಪಾಲು ತಮ್ಮದೇ ಉಳಿತಾಯದ ದುಡ್ಡಿನಲ್ಲಿ ಹೊರಡುತ್ತಾರೆ. ಅವರ ದಿನದಲ್ಲಿ ಪ್ರವಚನಕ್ಕಿಂತ ದಿನನಿತ್ಯದ ಕೆಲಸಗಳೇ ಹೆಚ್ಚು. ಕಚೇರಿಯ ಲೆಕ್ಕಪತ್ರ, ವಾಹನಗಳ ರಿಪೇರಿ, ವೀಸಾ ಕಾಗದಗಳನ್ನು ನೋಡಿಕೊಳ್ಳುತ್ತಾರೆ. ಕಿರಿಯ ಮಿಷನರಿಗಳ ಬಾಡಿಗೆ ಮನೆಗೆ ಹೋಗಿ ಅಡುಗೆಮನೆ, ಬಚ್ಚಲು ಚೊಕ್ಕಟವಾಗಿವೆಯೇ ಎಂದು ಪರೀಕ್ಷಿಸುತ್ತಾರೆ; ಜ್ವರ ಬಂದವರ ಯೋಗಕ್ಷೇಮ ವಿಚಾರಿಸುತ್ತಾರೆ. ಕೆಲವರು ಕುಡಿಯುವ ನೀರು, ಗಾಲಿಕುರ್ಚಿ ಹಂಚಿಕೆಯಂಥ ಯೋಜನೆಗಳಲ್ಲಿ ದುಡಿದರೆ, ಇನ್ನು ಕೆಲವರು ಹಳೆಯ ಜನನ, ಮದುವೆ, ಮರಣ ದಾಖಲೆಗಳ ಒಂದೊಂದು ಹಾಳೆಯನ್ನೂ ಕ್ಯಾಮೆರಾದಡಿ ಇಟ್ಟು ಡಿಜಿಟಲ್ ಪ್ರತಿ ಮಾಡುತ್ತಾರೆ. ಹುಡುಗರಿಗಿರುವ ಬಿಗಿಯಾದ ವೇಳಾಪಟ್ಟಿ ಇವರಿಗಿಲ್ಲ. ಗಂಡ ಹೆಂಡತಿ ಕೂಡಿಯೇ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕೈಸನ್ನೆಯಿಂದ ತರಕಾರಿ ಕೊಳ್ಳುತ್ತಾರೆ, ಸಮಯ ಹೊಂದಿಸಿಕೊಂಡು ಮೊಮ್ಮಕ್ಕಳಿಗೆ ವಿಡಿಯೊ ಕರೆ ಮಾಡುತ್ತಾರೆ. ಮೊಮ್ಮಗುವಿನ ಹುಟ್ಟುಹಬ್ಬ, ಬಂಧುಗಳ ಸಾವು ದೂರದಲ್ಲೇ ನಡೆದುಹೋಗುತ್ತವೆ. ಆ ನೋವು ಸಣ್ಣದಲ್ಲ. ಅವರ ಧರ್ಮಶ್ರದ್ಧೆಯನ್ನು ಒಪ್ಪದವರೂ ಗೌರವಿಸಬೇಕಾದ ಸಂಗತಿ ಇದರಲ್ಲಿದೆ. ನಲವತ್ತು ವರ್ಷ ಲೆಕ್ಕ ಬರೆದ ಕೈಗೆ, ಮಕ್ಕಳನ್ನು ಸಾಕಿದ ಅನುಭವಕ್ಕೆ ನಿವೃತ್ತಿಯ ದಿನವೇ ಬೆಲೆ ಮುಗಿಯುವುದಿಲ್ಲ. ಮುಪ್ಪಿನಲ್ಲಿ ಮನುಷ್ಯನಿಗೆ ವಿಶ್ರಾಂತಿ ಎಷ್ಟು ಅಗತ್ಯವೋ, ತಾನು ಯಾರಿಗೋ ಬೇಕಾದವನು ಎಂಬ ಭಾವವೂ ಅಷ್ಟೇ ಅಗತ್ಯ. ಅದನ್ನು ಒದಗಿಸುವ ಯಾವ ಸಮುದಾಯವೂ ತನ್ನ ಹಿರಿಯರಿಗೆ ದೊಡ್ಡ ಉಪಕಾರವನ್ನೇ ಮಾಡುತ್ತದೆ.