ನೆಟ್ ಬರಲಿಲ್ಲ ಅಂದ್ರೆ ಫಾರ್ಮ್ಯಾಟ್ ಯಾಕೆ?

ನಮ್ಮಲ್ಲೊಬ್ಬರ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ವೈಫೈ ಹೆಸರೇ ಕಾಣುತ್ತಿರಲಿಲ್ಲ. ಪೇಟೆಯ ಅಂಗಡಿಗೆ ಒಯ್ದೆವು. 'ಫಾರ್ಮ್ಯಾಟ್ ಮಾಡ್ಬೇಕು' ಅಂದರು. ನಾವೂ ಹೂಂ ಅಂದೆವು. ತೀರಿಕೊಂಡ ಅಜ್ಜಿಯ ಫೋಟೊಗಳು, ಸ್ಕ್ಯಾನ್ ಮಾಡಿಟ್ಟಿದ್ದ ಜಮೀನಿನ ಹಳೇ ಪತ್ರಗಳು ಅಳಿಸಿಹೋದವು. ನೆಟ್ ಮಾತ್ರ ಬರಲಿಲ್ಲ.

ಆಮೇಲೆ ಗೊತ್ತಾಯಿತು, ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇತ್ತು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. (ಮೊಬೈಲಿನ 5ಜಿ ಬೇರೆ, ಇದು ಬೇರೆ.) ನಮ್ಮ ಹಳ್ಳಿ ಮನೆಗಳ ದಪ್ಪ ಗೋಡೆ ದಾಟುವುದರಲ್ಲೂ 2.4 ವಾಸಿ. ಅದನ್ನೂ ಆನ್ ಮಾಡಿಸಿದ್ದೇ ತಡ, ನೆಟ್ ಬಂತು.

ಫಾರ್ಮ್ಯಾಟ್ ಕೊನೆಯ ಮದ್ದಾಗಬೇಕು ಅನ್ನುವುದು ನಮ್ಮ ವಾದ. ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಜೋಡಿಸಿ ನೋಡಿ. ಫೋನಿಗೂ ಬರದಿದ್ದರೆ ಕಂಪ್ಯೂಟರ್ ಮುಟ್ಟಬೇಡಿ, ನೆಟ್ ಲೈನ್ ಕೊಟ್ಟವರಿಗೆ ಹೇಳಿ. ಫೋನಿಗೆ ಬಂದರೆ ಲ್ಯಾಪ್‌ಟಾಪಿನ ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ತಾರೀಖೂ ನೋಡಿ. ಒಳಗಿನ ಸೆಲ್ ಹೋಗಿ 2015 ಅಂತ ತೋರಿಸುತ್ತಿದ್ದರೆ, ವೈಫೈ ಸಿಕ್ಕರೂ ಬ್ಯಾಂಕಿನ ಪುಟ ತೆರೆಯುವುದಿಲ್ಲ.

ಇಷ್ಟಾದರೂ ಆಗಲಿಲ್ಲವೇ, ಅಂಗಡಿಗೆ ಒಯ್ಯಿರಿ. ಹೊರಡುವ ಮುಂಚೆ ಫೋಟೊ, ಪತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.